ಹಗೇವು ಇಲ್ಲದ ಇಣಚಿ

ದೀಪಾವಳಿ ರಜೆಯ ಒಂದು ಬೆಳಗ್ಗೆ. ಚಿಕ್ಕೋಡಿಯ ಮನೆಯ ಹಿತ್ತಲಿನ ಗೋಡೆಗೆ ಎಳೆಬಿಸಿಲು ಆಗ ತಾನೇ ಬಿದ್ದಿತ್ತು. ಒಣಹಾಕಿದ್ದ ಶೇಂಗಾದ ರಾಶಿಗೆ ಅಳಿಲೊಂದು ಇಳಿದು ಬಂತು. ಒಂದು ಕಾಯಿ ಎತ್ತಿಕೊಂಡು ನುಗ್ಗೆಮರದ ಕವಲಿಗೆ ಓಡಿತು. ಅಲ್ಲಿ ಹಿಂಗಾಲ ಮೇಲೆ ಕೂತು, ಎರಡೂ ಮುಂಗೈಯಲ್ಲಿ ಕಾಯಿ ತಿರುಗಿಸುತ್ತ ಸುಲಿದು, ಕಾಳು ತಿಂದು, ಸಿಪ್ಪೆ ಉದುರಿಸಿ ಇನ್ನೊಂದಕ್ಕೆ ಬಂತು. ಹೀಗೆ ಐದಾರು ಸಲವಾಯಿತು. ಪುಣೆಯಲ್ಲಿ ಓದುವ ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಕೊನೆಗೆ ಕೇಳಿದಳು: "ಅಜ್ಜಾ, ಇದು ಕಾಳು ಯಾಕ ಕೂಡಿಸಿ ಇಡವಲ್ದು? ಚಳಿಗಾಲಕ್ಕ ಏನ್ ತಿಂತೈತಿ?"

ಅವಳ ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಅಳಿಲಿನ ಪಾಠವಿದೆ. ಅದರಲ್ಲಿ ಎಲೆಗಳು ಕೆಂಪಾಗಿ ಉದುರುತ್ತವೆ, ಪೊದೆಬಾಲದ ಅಳಿಲು ಕಾಯಿಗಳನ್ನು ಆರಿಸಿ ನೆಲದಲ್ಲಿ ಹುಗಿಯುತ್ತದೆ, ಆಮೇಲೆ ಹಿಮ ಬೀಳುತ್ತದೆ. ಮುಂದಾಲೋಚನೆಯುಳ್ಳ ಪ್ರಾಣಿಗೆ ಚಳಿಗಾಲದ ಚಿಂತೆಯಿಲ್ಲ ಎಂಬುದು ಪಾಠದ ನೀತಿ. ನಮ್ಮ ಹಿತ್ತಲಿನ ಅಳಿಲನ್ನು ಆ ನೀತಿಯಿಂದ ಅಳೆದರೆ ಅದು ಶುದ್ಧ ಸೋಮಾರಿ. ಸಿಕ್ಕಿದ್ದನ್ನು ಅಲ್ಲೇ ತಿಂದು ಮುಗಿಸುವ, ನಾಳೆಯ ಗೊಡವೆಯಿಲ್ಲದ ಪ್ರಾಣಿ. ಆದರೆ ಇದು ಈ ನೆಲದಲ್ಲಿ ಸಾವಿರಾರು ವರ್ಷ ಬಾಳಿದೆ. ಕೂಡಿಡದೆ ಬಾಳಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಹೋದರೆ, ಅಳಿಲಿನ ಕಥೆಯ ಜೊತೆಗೆ ನಮ್ಮ ಕಣಜ, ಹಗೇವುಗಳ ಕಥೆಯೂ ಬಿಚ್ಚಿಕೊಳ್ಳುತ್ತದೆ.

ಮೂರು ಪಟ್ಟೆ, ಐದು ಪಟ್ಟೆ

ಅಳಿಲಿಗೆ ಕನ್ನಡದಲ್ಲಿ ಹೆಸರು ಹಲವು: ಅಳಿಲು, ಇಣಚಿ, ಉಡುತೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿ ಸೀಮೆಯಲ್ಲಿ ಮನೆಗೊಂದು ಭಾಷೆ, ಓಣಿಗೆರಡು ಭಾಷೆ. ಮರಾಠಿಯಲ್ಲಿ ಇದರ ಹೆಸರು 'ಖಾರ'. ಕನ್ನಡದ ಕಿವಿಗೆ ಖಾರವೆಂದರೆ ಮೆಣಸಿನಪುಡಿ. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಕಾಯುವ ಮಕ್ಕಳಿಗೆ "ಖಾರ ಬಂತು" ಎಂದರೆ ಎರಡು ಅರ್ಥ ಹೊಳೆಯುವುದು ಈ ಸೀಮೆಯಲ್ಲಿ ಮಾತ್ರ.

ವಿಜ್ಞಾನಿಗಳು ಈ ಅಳಿಲುಗಳ ಕುಲಕ್ಕೆ ಇಟ್ಟ ಹೆಸರು 'ಫ್ಯುನಾಂಬುಲಸ್'. ಲ್ಯಾಟಿನ್ ಭಾಷೆಯಲ್ಲಿ ಹಗ್ಗದ ಮೇಲೆ ನಡೆಯುವವನು ಎಂದರ್ಥ. ವಿದ್ಯುತ್ ತಂತಿಯ ಮೇಲೆ ಬೀದಿ ದಾಟುವ ಅಳಿಲನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯ ವಿವರಿಸಬೇಕಿಲ್ಲ. ನಮ್ಮ ದೇಶದ ಮನೆಯಂಗಳಗಳಲ್ಲಿ ಇದರ ಎರಡು ಜಾತಿಗಳು ಸಾಮಾನ್ಯ. ಬೆನ್ನಮೇಲೆ ಮೂರು ಬಿಳಿ ಪಟ್ಟೆಯದು ಹೆಚ್ಚಾಗಿ ದಕ್ಷಿಣದ್ದು. 1766ರಲ್ಲಿ ಲಿನೀಯಸ್ ಅದನ್ನು ಶಾಸ್ತ್ರೀಯವಾಗಿ ಹೆಸರಿಸಿದ. ಪಕ್ಕೆಗಳಲ್ಲಿ ಮಸುಕಾದ ಇನ್ನೆರಡು ಗೆರೆ ಸೇರಿ ಐದು ಪಟ್ಟೆಯಾಗುವುದು ಹೆಚ್ಚಾಗಿ ಉತ್ತರದ್ದು. ಅದಕ್ಕೆ ಹೆಸರು ಬಂದದ್ದು 1905ರಲ್ಲಿ. ಓದುಗರು ತಮ್ಮ ಹಿತ್ತಲಿನ ಅಳಿಲಿನ ಪಟ್ಟೆಗಳನ್ನು ಒಮ್ಮೆ ಎಣಿಸಿ ನೋಡಬಹುದು. ಅದು ಒಂದು ಕ್ಷಣ ಸುಮ್ಮನೆ ಕೂತರೆ!

ಸೇತುವೆ ಕಟ್ಟುವಾಗ ಮೈಗೆ ಮರಳು ಮೆತ್ತಿಕೊಂಡು ಬಂದು ಕೊಡವಿದ ಅಳಿಲಿನ ಬೆನ್ನನ್ನು ಶ್ರೀರಾಮ ಮೂರು ಬೆರಳಿನಿಂದ ಸವರಿದ ಕಥೆ ಎಲ್ಲರಿಗೂ ಗೊತ್ತು. 'ಅಳಿಲು ಸೇವೆ' ಎಂಬ ಮಾತು ನಮ್ಮ ಸಭೆ ಸಮಾರಂಭಗಳ ಭಾಷಣಗಳಲ್ಲಿ ಇಂದಿಗೂ ಸವೆದಿಲ್ಲ. ಈ ಕಥೆ ವಾಲ್ಮೀಕಿ ರಾಮಾಯಣದ್ದಲ್ಲ. ತಮಿಳಿನ ಆಳ್ವಾರರಲ್ಲೊಬ್ಬರಾದ ತೊಂಡರಡಿಪ್ಪೊಡಿಯವರ 'ತಿರುಮಾಲೈ'ಯಲ್ಲಿ ಮರಳಲ್ಲಿ ಹೊರಳಿದ ಅಳಿಲಿನ ಪ್ರಸ್ತಾಪವಿದೆ. ತೆಲುಗಿನ ರಂಗನಾಥ ರಾಮಾಯಣದಲ್ಲೂ ಅಳಿಲು ಬರುತ್ತದೆ. ಪಟ್ಟೆಯ ಕಥೆ ಮೂರು ಪಟ್ಟೆಯ ಅಳಿಲಿರುವ ದಕ್ಷಿಣದಲ್ಲಿ ಬೇರೂರಿದ್ದು ಸಹಜವೇ. ಐದು ಪಟ್ಟೆಯದಕ್ಕೆ ರಾಮ ಐದೂ ಬೆರಳು ಎಳೆದನೆನ್ನಬೇಕಷ್ಟೆ. ನಮ್ಮವರು ಕಂಡ ಅಳಿಲು ದುಡಿಯುವ ಅಳಿಲು, ಕೊಡುವ ಅಳಿಲು. ಕೂಡಿಡುವ ಅಳಿಲಿನ ಕಥೆ ನಮ್ಮಲ್ಲಿ ಬೆಳೆಯಲಿಲ್ಲ. ಕಾರಣವಿಷ್ಟೆ: ನಮ್ಮ ಜನ ಅಂಥದನ್ನು ನೋಡಿರಲಿಲ್ಲ.

ಪುಸ್ತಕದ ಅಳಿಲು ಸುಳ್ಳಲ್ಲ

ಹಾಗೆಂದು ಮೊಮ್ಮಗಳ ಪುಸ್ತಕ ಸುಳ್ಳು ಹೇಳಿಲ್ಲ. ಅದು ಬೇರೆ ನೆಲದ ನಿಜ ಹೇಳಿದೆ. ಉತ್ತರ ಅಮೆರಿಕದ ಬೂದು ಅಳಿಲು ಶರತ್ಕಾಲದಲ್ಲಿ ಓಕ್ ಮರದ ಕಾಯಿಗಳನ್ನು ಒಂದೊಂದಾಗಿ ಬೇರೆ ಬೇರೆ ಕಡೆ ಹುಗಿಯುತ್ತದೆ. ಒಂದೇ ಕಡೆ ಇಟ್ಟರೆ ಕಳ್ಳನಿಗೆ ಎಲ್ಲವೂ ಸಿಕ್ಕೀತು ಎಂಬ ಎಚ್ಚರ ಅದರ ಸ್ವಭಾವದಲ್ಲೇ ಇದೆ. ಹುಗಿದ ಜಾಗ ಅದಕ್ಕೆ ನೆನಪಿರುತ್ತದೆಯೇ, ಅಥವಾ ಮೂಸಿ ಹುಡುಕುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ಇತ್ತು. 1991ರಲ್ಲಿ ಲೂಸಿಯಾ ಜೇಕಬ್ಸ್ ಮತ್ತು ಎಮಿಲಿ ಲೈಮನ್ ಪ್ರಕಟಿಸಿದ ಪ್ರಯೋಗದಲ್ಲಿ ಅಳಿಲುಗಳು ದಿನಗಳಾದ ಮೇಲೂ ಬೇರೆಯವು ಹುಗಿದದ್ದಕ್ಕಿಂತ ತಾವು ಹುಗಿದದ್ದನ್ನೇ ಹೆಚ್ಚಾಗಿ ಹುಡುಕಿ ತೆಗೆದವು. ವಾಸನೆಯಷ್ಟೇ ಆಗಿದ್ದರೆ ತನ್ನದು, ಪರರದು ಎಂಬ ಭೇದ ಬರುತ್ತಿರಲಿಲ್ಲ. ನೆನಪಿತ್ತು.

ಇನ್ನೊಂದು ಜಾಣತನವೂ ಅದಕ್ಕಿದೆ. ಬಿಳಿ ಓಕ್ ಜಾತಿಯ ಕಾಯಿ ನೆಲಕ್ಕೆ ಬಿದ್ದ ಕೂಡಲೇ ಮೊಳೆಯತೊಡಗುತ್ತದೆ. ಮೊಳೆತರೆ ತಿನ್ನಲು ಉಳಿಯುವುದಿಲ್ಲ. ಆದ್ದರಿಂದ ಅಳಿಲು ಹುಗಿಯುವ ಮೊದಲು ಮೊಳಕೆಯ ಮೂಗನ್ನೇ ಕಚ್ಚಿ ತೆಗೆದುಬಿಡುತ್ತದೆ. ಕೆಂಪು ಓಕ್‌ನ ಕಾಯಿ ವಸಂತದವರೆಗೆ ಮೊಳೆಯುವುದಿಲ್ಲ. ಅದನ್ನು ಹಾಗೆಯೇ ಹುಗಿಯುತ್ತದೆ. ಮರೆತು ಉಳಿದವು ಮುಂದೆ ಮರಗಳಾಗುತ್ತವೆ. ನೆಲದಲ್ಲಿ ಬಿಲ ತೋಡುವ ಇನ್ನು ಕೆಲವು ಅಳಿಲುಗಳು ಚಳಿಗಾಲವನ್ನು ನಿದ್ದೆಯಲ್ಲೇ ಕಳೆಯುತ್ತವೆ. ಉತ್ತರ ಧ್ರುವ ಪ್ರದೇಶದ ನೆಲದಳಿಲಿನ ಮೈಬಿಸಿ ಆ ನಿದ್ದೆಯಲ್ಲಿ ಸೊನ್ನೆ ಡಿಗ್ರಿಗಿಂತಲೂ ಕೆಳಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಸಿದ್ಧತೆಗೆ ಕಾರಣ ಆ ನೆಲದ ಲೆಕ್ಕಾಚಾರ. ಲಂಡನ್ ನಗರದಲ್ಲಿ ಡಿಸೆಂಬರ್ ನಡುವಿನ ಹಗಲು ಎಂಟು ಗಂಟೆಗೂ ಕಡಿಮೆ. ಜೂನ್ ನಡುವಿನದು ಹದಿನಾರು ಗಂಟೆಗೂ ಹೆಚ್ಚು. ಹಗಲು ಕುಗ್ಗುತ್ತ ಹೋದಂತೆ ಗಿಡಮರಗಳು ಕೆಲಸ ನಿಲ್ಲಿಸುತ್ತವೆ, ಹುಳುಹುಪ್ಪಟೆ ಮಾಯವಾಗುತ್ತವೆ, ತಿಂಗಳುಗಟ್ಟಲೆ ಹೊಸ ಆಹಾರ ಹುಟ್ಟುವುದಿಲ್ಲ. ಕೂಡಿಟ್ಟವನಷ್ಟೇ ಉಳಿದಾನು. ಅಥಣಿ, ಚಿಕ್ಕೋಡಿಗಳಿರುವ ಅಕ್ಷಾಂಶದಲ್ಲಿ ಅತಿ ಗಿಡ್ಡ ಹಗಲೂ ಹನ್ನೊಂದು ಗಂಟೆಯದು. ಅತಿ ಉದ್ದದ್ದು ಹದಿಮೂರು ಗಂಟೆಯದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ ಹನ್ನೆರಡು-ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿದರೂ ಮಧ್ಯಾಹ್ನಕ್ಕೆ ಬಿಸಿಲು ಚುರುಕಾಗುತ್ತದೆ.

ನಮ್ಮ ಚಳಿಗಾಲವೆಂದರೆ ಸುಗ್ಗಿ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಈ ಸೀಮೆಯಲ್ಲಿ ಚಳಿಗಾಲವೆಂದರೆ ಸುಗ್ಗಿಯ ಹಂಗಾಮು. ಮುಂಗಾರಿಯ ಶೇಂಗಾ, ಗೋವಿನಜೋಳ ಒಕ್ಕಣೆಯಾಗಿ ಕಣಕ್ಕೆ ಬಂದಿರುತ್ತವೆ. ಹಿಂಗಾರಿಯ ಬಿಳಿಜೋಳ, ಕಡಲೆ ಹೊಲದಲ್ಲಿ ನಿಂತಿರುತ್ತವೆ. ಸಕ್ಕರೆ ಕಾರ್ಖಾನೆಗಳ ಕಬ್ಬು ನುರಿಸುವ ಕೆಲಸ ಶುರುವಾಗಿ, ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳು ರಸ್ತೆ ತುಂಬುತ್ತವೆ. ನಿಪ್ಪಾಣಿಯ ಕಡೆ ತಂಬಾಕಿನ ಎಲೆ ಬಲಿಯುತ್ತಿರುತ್ತದೆ. ಅಥಣಿ ತಾಲ್ಲೂಕಿನ ತೆಲಸಂಗದ ಭಾಗದಲ್ಲಿ ದ್ರಾಕ್ಷಿಯ ಗೊಂಚಲು ಕಾಯಿಗಟ್ಟುತ್ತಿರುತ್ತವೆ. ಜನವರಿ ಬಂತೆಂದರೆ ಹೊಲದಲ್ಲೇ ಕುಳ್ಳಿನ ಕೆಂಡದ ಮೇಲೆ ಹಾಲುದುಂಬಿದ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ಸೀತನಿ ತಿನ್ನುವ ಕಾಲ. ಶೇಂಗಾ ಹಿಂಡಿ, ಬೆಲ್ಲ ಜೊತೆಗಿದ್ದರೆ ಬಂಧುಬಳಗವೆಲ್ಲ ಹೊಲದಲ್ಲೇ.

ಚಳಿಯ ಅರಿವು ಅಡುಗೆಮನೆಗೆ ಇಲ್ಲವೆಂದಲ್ಲ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಮೈಗೆ ಬಿಸಿ ಕೊಡುವ ತಿನಿಸುಗಳು. ಸೀಗಿ ಹುಣ್ಣಿಮೆಗೆ, ಎಳ್ಳಮಾಸೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆಮಾಡಿ, ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಬೆರೆಸಿ ಹೊಲದ ಉದ್ದಗಲಕ್ಕೆ ಚೆಲ್ಲುತ್ತಾರೆ. ಇದೇ ಚರಗ. ಭೂಮಿತಾಯಿಯ ಬಯಕೆಯ ಊಟವೆಂಬುದು ನಂಬಿಕೆ. ಹಾಗೆ ಚೆಲ್ಲಿದ್ದು ಹೊಟ್ಟೆ ಸೇರುವುದು ಹಕ್ಕಿ, ಇರುವೆ, ಇಣಚಿಗಳಿಗೆ. ಹಿಮದ ನಾಡಿನಲ್ಲಿ ಅಳಿಲು ಬಿಗಿಹಿಡಿದು ಕೂಡಿಡುವ ಹೊತ್ತಿಗೆ ನಮ್ಮಲ್ಲಿ ಮನುಷ್ಯನೇ ಹೊಲದಲ್ಲಿ ಅನ್ನ ಚೆಲ್ಲುತ್ತಾನೆ. ಆ ಕಾಲದಲ್ಲಿ ಚೆಲ್ಲುವಷ್ಟು ಇರುತ್ತದೆ.

ಹಾಗಾದರೆ ಈ ತಿಂಗಳುಗಳಲ್ಲಿ ಅಳಿಲು ಏನೂ ಸಿದ್ಧತೆ ಮಾಡುವುದಿಲ್ಲವೇ? ಸ್ವಲ್ಪ ತಾಳ್ಮೆಯಿಂದ ನೋಡಿದವರಿಗೆ ಅದರ ಗಡಿಬಿಡಿ ಕಾಣುತ್ತದೆ. ಬೆಳಗಿನ ಚಳಿಗೆ ಗೋಡೆಯ ಬಿಸಿಲಿಗೆ ಮೈ ಚಪ್ಪಟೆಯಾಗಿ ಒಡ್ಡಿ ಕಾಯಿಸಿಕೊಂಡ ಮೇಲೆ ಅದು ಗೋಣಿಚೀಲದ ಅಂಚಿಗೆ ಬಂದು ನಾರು ಎಳೆಯುತ್ತದೆ. ತೆಂಗಿನ ಸಿಪ್ಪೆಯ ಜುಂಗು, ಕೌದಿಯಿಂದ ಹೊರಬಿದ್ದ ಅರಳೆ, ಹಳೆಯ ಹಗ್ಗದ ಎಳೆ, ಒಣಹುಲ್ಲು, ಎಲ್ಲವನ್ನೂ ಬಾಯಲ್ಲಿ ಮುದ್ದೆಮಾಡಿ ಹಿಡಿದು ಓಡುತ್ತದೆ. ಇದು ಹೆಣ್ಣಿನ ಕೆಲಸ. ಮರದ ಕವಲಿನಲ್ಲೋ ಹಂಚಿನ ಮನೆಯ ಜಂತಿಯ ಸಂದಿಯಲ್ಲೋ ಉಂಡೆಯಾಕಾರದ ಗೂಡು ಕಟ್ಟುತ್ತದೆ. ಹೊರಗಿನಿಂದ ಅದು ಕಸದ ಮುದ್ದೆ. ಒಳಗೆ ಅರಳೆಯ ಹಾಸಿಗೆ.

ಆ ಗೂಡು ಚಳಿಗೆಂದು ಕಟ್ಟಿದ್ದಲ್ಲ, ಮರಿಗೆಂದು ಕಟ್ಟಿದ್ದು. ಬಸಿರಾದ ತಿಂಗಳೊಪ್ಪತ್ತಿಗೆ ಎರಡೋ ಮೂರೋ ಮರಿಗಳು ಹುಟ್ಟುತ್ತವೆ. ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಕೂದಲಿರುವುದಿಲ್ಲ. ಬೆಕ್ಕು, ಕಾಗೆ, ಕೆಂಬೂತ, ಹಾವುಗಳ ಭಯ ತಪ್ಪಿದ್ದಲ್ಲ. ಗೂಡಿನ ಗುಟ್ಟು ರಟ್ಟಾದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಬೇರೆ ಕಡೆಗೆ ಸಾಗಿಸುತ್ತದೆ. ಬಾಲ ಕುಣಿಸುತ್ತ 'ಚಿಕ್ ಚಿಕ್ ಚಿಕ್' ಎಂದು ಅದು ಹೊತ್ತುಗಟ್ಟಲೆ ಕೂಗುತ್ತಿದ್ದರೆ ಹತ್ತಿರದಲ್ಲಿ ಬೆಕ್ಕೋ ಹಾವೋ ಇದೆಯೆಂದು ನಮ್ಮ ಹಿತ್ತಲಿನ ಹೆಂಗಸರು ತಿಳಿಯುತ್ತಾರೆ. ಬಚ್ಚಲ ಹತ್ತಿರದ ಕಟ್ಟಿಗೆಯ ರಾಶಿಗೆ ಕೈಹಾಕುವ ಮುನ್ನ ಒಮ್ಮೆ ನೋಡಿಕೊಳ್ಳುತ್ತಾರೆ.

ಏಕೆ ಕೂಡಿಡುವುದಿಲ್ಲ?

ನಮ್ಮ ಅಳಿಲು ಒಮ್ಮೊಮ್ಮೆ ಒಂದೆರಡು ಕಾಳನ್ನು ಅಲ್ಲಿ ಇಲ್ಲಿ ಸಿಕ್ಕಿಸಿ ಇಡುವುದುಂಟು. ಆದರೆ ಅದರ ಜೀವ ಅದರ ಮೇಲೆ ನಿಂತಿಲ್ಲ. ಇದಕ್ಕೆ ಎರಡು ಕಾರಣ ಕಾಣುತ್ತವೆ. ಮೊದಲನೆಯದು, ನಮ್ಮ ನೆಲದಲ್ಲಿ ಹುಗಿದದ್ದು ಉಳಿಯುವುದಿಲ್ಲ. ಹಿಮದ ನೆಲ ತಾನೇ ಒಂದು ಶೀತಲಗೃಹ. ನಮ್ಮ ಮಣ್ಣಿನಲ್ಲಿ ಬಿಡಿಯಾಗಿ ಹುಗಿದ ಕಾಳಿಗೆ ಮಳೆ ಬಂದರೆ ಮೊಳಕೆ, ತೇವ ನಿಂತರೆ ಬೂಸರು, ಒಣಗಿದ್ದರೆ ಗೊದ್ದ-ಗೆದ್ದಲು. ಎರಡನೆಯದು, ನಮ್ಮ ಅಳಿಲು ಒಂದೇ ಕಾಯಿಯನ್ನು ನಂಬಿ ಬಾಳುವ ಪ್ರಾಣಿಯಲ್ಲ. ಕಾಳು, ಹಣ್ಣು, ಚಿಗುರು, ತೊಗಟೆ, ಹೂವಿನ ಮಕರಂದ, ಗೆದ್ದಲು, ಹುಳು, ಮನೆಯ ಮುಸುರೆಯ ಅನ್ನ, ಎಲ್ಲವೂ ಅದಕ್ಕೆ ಆದೀತು.

ಈ ಎರಡನೆಯ ಕಾರಣದಲ್ಲೇ ಅದರ ಬಾಳಿನ ಗುಟ್ಟಿದೆ. ನಮ್ಮ ಸೀಮೆಯ ಗಿಡಮರಗಳನ್ನು ತಿಂಗಳವಾರು ಜೋಡಿಸಿ ನೋಡಿ. ಜನವರಿಯಲ್ಲಿ ಬಾರಿಹಣ್ಣು, ಜೋಳದ ತೆನೆ, ಹಸಿಕಡಲೆ. ಫೆಬ್ರುವರಿಗೆ ಬೂರುಗದ ಕೆಂಪು ಹೂ. ಅದರ ಬಟ್ಟಲಲ್ಲಿ ಮೂತಿಯಿಟ್ಟು ಮಕರಂದ ಕುಡಿಯುವ ಅಳಿಲಿನ ಮುಖಕ್ಕೆ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಆಗಲೇ ಮುತ್ತಲದ ಹೂ, ಹುಣಸೆಯ ಹಣ್ಣು. ಏಪ್ರಿಲ್, ಮೇ ತಿಂಗಳಲ್ಲಿ ಹೊಲ ಬರಿದಾಗಿ ನೆಲ ಕಾದ ಹಂಚಾದಾಗ ಮಾವು, ಆಲ, ಅತ್ತಿ. ಜೂನ್‌ನಲ್ಲಿ ನೇರಳೆ, ಬೇವಿನ ಹಣ್ಣು. ಮಳೆ ಹಿಡಿದ ಮೇಲೆ ಗೆದ್ದಲು, ಹುಳು. ಆಮೇಲೆ ಪೇರಲ, ಸಜ್ಜೆಯ ತೆನೆ, ಸೀತಾಫಲ. ಅಲ್ಲಿಗೆ ಮತ್ತೆ ಶೇಂಗಾ ಅಂಗಳಕ್ಕೆ ಬರುತ್ತದೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು. ಊರ ಸುತ್ತಲಿನ ಮರ, ಹೊಲದ ಬದು, ಹಿತ್ತಲು, ಹಳ್ಳದ ದಂಡೆ ಇವೇ ಅದರ ಕಣಜ. ಕಾಯಿಯನ್ನು ನೆಲದಲ್ಲಿ ಹುಗಿಯುವ ಬದಲು ಅದು ತನ್ನ ಇಡೀ ವರ್ಷವನ್ನು ಮರಗಳಲ್ಲಿ ಇಟ್ಟಿದೆ ಎನ್ನಬಹುದು.

ನಮ್ಮ ಹೊಲಗಳಲ್ಲಿ ಕೂಡಿಡುವ ಪ್ರಾಣಿಗಳೂ ಇವೆ. ಹುಲ್ಲಿನ ಬೀಜ ಹೊತ್ತು ಗೂಡಿಗೆ ಸಾಗಿಸುವ ಇರುವೆಗಳಿವೆ. ಬಿಲದೊಳಗೆ ತೆನೆಗಳ ಉಗ್ರಾಣವನ್ನೇ ಕಟ್ಟುವ ಹೆಗ್ಗಣವಿದೆ. ಒಂದು ಹೆಗ್ಗಣದ ಬಿಲ ಅಗೆದರೆ ಕಿಲೋಗಟ್ಟಲೆ ಕಾಳು ಸಿಗುವುದುಂಟು. ಹೊಲದಲ್ಲಿ ಬೆಳೆ ನಿಲ್ಲುವುದು ವರ್ಷದಲ್ಲಿ ಕೆಲವೇ ತಿಂಗಳು. ಆ ಹೊಲವನ್ನೇ ನಂಬಿದ ಹೆಗ್ಗಣ ಸುಗ್ಗಿಯಲ್ಲಿ ಎಳೆದಿಟ್ಟುಕೊಳ್ಳುತ್ತದೆ. ಅಳಿಲು ಮರವನ್ನು ನಂಬಿತು; ಹೆಗ್ಗಣ ಹೊಲವನ್ನು ನಂಬಿತು. ಹೊಲವನ್ನು ನಂಬಿದ ಇನ್ನೊಂದು ಪ್ರಾಣಿ ಮನುಷ್ಯ.

ಮಿರಗ ಕೂಡುವ ಮೊದಲು

ಮನುಷ್ಯನ ಸಿದ್ಧತೆ ನಮ್ಮಲ್ಲಿ ಎರಡು ಬಗೆಯದಾಗಿತ್ತು. ಒಂದು ಮಳೆಗಾಲಕ್ಕೆ, ಇನ್ನೊಂದು ಬರಗಾಲಕ್ಕೆ.

ಜೂನ್ ಮೊದಲ ವಾರದ ಮೃಗಶಿರಾ ಮಳೆಗೆ ನಮ್ಮ ಜನ 'ಮಿರಗ' ಎನ್ನುತ್ತಾರೆ. ಮಿರಗ ಕೂಡುವ ಮೊದಲು ಮನೆ ಬೆಚ್ಚಗಾಗಬೇಕು. ನಿಪ್ಪಾಣಿ, ಚಿಕ್ಕೋಡಿಯ ಪಡುವಣ ಭಾಗ ಸಹ್ಯಾದ್ರಿಗೆ ಹತ್ತಿರ. ಮಳೆ ಹೆಚ್ಚು, ಹಂಚಿನ ಮನೆ ಹೆಚ್ಚು. ಅಥಣಿಯ ಮೂಡಣಕ್ಕೆ ಹೋದಂತೆ ಮಳೆ ಕಡಿಮೆ, ಮಣ್ಣಿನ ಮಾಳಿಗೆಯ ಮನೆಗಳು ಸಾಮಾನ್ಯವಾಗಿದ್ದವು. ಒಂದೆಡೆ ಹಂಚು ಕೈಯಾಡಿಸಬೇಕು, ಇನ್ನೊಂದೆಡೆ ಮಾಳಿಗೆಗೆ ಮಣ್ಣು ಹಾಕಬೇಕು. ಕಣಕಿಯ ಬಣವಿ ಒಟ್ಟಬೇಕು. ಕುಳ್ಳು, ಕಟ್ಟಿಗೆ ಒಳಗೆ ಬರಬೇಕು. ಒಳಗಿನ ಕೆಲಸ ಇದಕ್ಕೂ ಮೊದಲೇ ಶುರುವಾಗುತ್ತಿತ್ತು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಶಾವಿಗೆ ಮಾಡುವರು. ಹಪ್ಪಳ, ಸಂಡಿಗೆ, ಕುರುಡಿಗೆ, ಉಪ್ಪಿನಕಾಯಿ. ಸಂಕೇಶ್ವರಿ, ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ, ಮಸಾಲೆ ಹುರಿದು ಕುಟ್ಟಿ ವರ್ಷದ ಖಾರ. ಪುಸ್ತಕದ ಅಳಿಲು ಚಳಿಗೆಂದು ಮಾಡುವ ಕೆಲಸವನ್ನು ನಮ್ಮ ಅಜ್ಜಿಯರು ಮಳೆಗೆಂದು ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಮಾಳಿಗೆಯ ಮೇಲೆ ಕೋಲು ಹಿಡಿದು ಕೂತ ಮಕ್ಕಳ ಕಣ್ಣು ತಪ್ಪಿಸಿ ಸಂಡಿಗೆ ಕದಿಯುತ್ತಿದ್ದ ಕಳ್ಳರಲ್ಲಿ ಇದೇ ಇಣಚಿಯೂ ಒಂದು.

ಬರಗಾಲದ ಸಿದ್ಧತೆ ಇದಕ್ಕಿಂತ ಆಳದ್ದು. ಅಕ್ಷರಶಃ ಆಳದ್ದು, ಅದೇ ಹಗೇವು. ಊರಿನ ಎತ್ತರದ, ನೀರು ನಿಲ್ಲದ ಜಾಗದಲ್ಲಿ ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಬೆಂಕಿ ಹಾಕಿ ತೇವ ಆರಿಸಿ, ಗೋಡೆಗೆ, ತಳಕ್ಕೆ ಒಣ ದಂಟು, ಹೊಟ್ಟು ಕೊಟ್ಟು ಹತ್ತಾರು ಚೀಲ ಜೋಳ ಸುರಿದು, ಬಾಯಿಗೆ ಕಲ್ಲುಹಾಸು ಮುಚ್ಚಿ ಮಣ್ಣಿನಿಂದ ಮೆತ್ತಿಬಿಡುವರು. ಮುಚ್ಚಿದ ಹಗೇವಿನೊಳಗೆ ಕಾಳೂ ಅದರೊಳಗಿನ ಹುಳುವೂ ಉಸಿರಾಡುತ್ತ ಇದ್ದಬದ್ದ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧಿಯಿಲ್ಲದೆ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿದ್ದುದು ಹೀಗೆ. ಅದೇ ಗಾಳಿ ಮನುಷ್ಯನಿಗೂ ಮೃತ್ಯು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುವರು. ದೀಪ ಆರಿದರೆ ಆ ದಿನ ಇಳಿಯುವಂತಿಲ್ಲ. ಅವಸರಪಟ್ಟು ಇಳಿದು ಜೀವ ಕಳೆದುಕೊಂಡವರ ಕಥೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರು ಈಗಲೂ ಹೇಳುತ್ತಾರೆ.

ಇಷ್ಟು ಕಷ್ಟ ಯಾವ ಚಳಿಗೂ ಅಲ್ಲ, ಬಾರದ ಮಳೆಗೆ. 1876ರಲ್ಲಿ ಮಳೆ ಕೈಕೊಟ್ಟಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು 1878ರವರೆಗೆ ಘೋರ ಬರ ಅನುಭವಿಸಿದವು. 1972ರ ಬರ ಇನ್ನೂ ಹಿರಿಯರ ನೆನಪಿನಲ್ಲಿದೆ. ಅಂಥ ವರ್ಷಗಳಲ್ಲಿ ಹಗೇವಿನಲ್ಲಿ ಜೋಳವಿದ್ದ ಮನೆಗೂ ಇಲ್ಲದ ಮನೆಗೂ ನಡುವಿನ ಅಂತರ ಊರು ಬಿಡುವುದು, ಬಿಡದಿರುವುದು ಆಗಿತ್ತು. ಹಗೇವು ಎಲ್ಲರಿಗೂ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಅದು ಹೊಲವುಳ್ಳವರ ಭದ್ರತೆ. ಹೊಲವಿಲ್ಲದವರು ಹಗೇವಿದ್ದವರ ಬಾಗಿಲಿಗೆ ಹೋಗಬೇಕಾಗುತ್ತಿತ್ತು.

ಮುಚ್ಚಿದ ಹಗೇವು, ಕಡಿದ ಮರ

ಇಂದು ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಹಿಡಕಲ್ ಜಲಾಶಯದ ಕಾಲುವೆ, ಕೃಷ್ಣೆಯ ಏತನೀರಾವರಿ, ಕೊಳವೆಬಾವಿಗಳಿಂದ ನೀರು ಬಂತು. ನೀರಿನ ಹಿಂದೆ ಕಬ್ಬು ಬಂತು. ಜೋಳ ಬೆಳೆಯುತ್ತಿದ್ದವನು ಕಬ್ಬು ಬೆಳೆದು, ಬಿಲ್ಲು ಬಂದ ಮೇಲೆ ಪೇಟೆಯಿಂದ ಜೋಳ ತರುತ್ತಾನೆ. ಪಡಿತರದ ಅಕ್ಕಿ ಬಂತು. ಬರದ ವರ್ಷದಲ್ಲಿ ಹಗೇವಿಲ್ಲದ ಬಡವನ ಒಲೆಯನ್ನೂ ಅದು ಆರಗೊಡಲಿಲ್ಲ. ಇದು ಸಣ್ಣ ಮಾತಲ್ಲ. ಹಗೇವು ಹೋಯಿತೆಂದು ಕಣ್ಣೀರು ಸುರಿಸುವವರು ಇದನ್ನು ತೂಕಕ್ಕೆ ಹಾಕಬೇಕು. ಈಗಿನ ಮನೆಯ ಹಗೇವು ಪೇಟೆಯಲ್ಲಿದೆ, ಸರ್ಕಾರದ ಗೋದಾಮಿನಲ್ಲಿದೆ. ಅದನ್ನು ತುಂಬುವವರು ಬೇರೆ, ಕಾಯುವವರು ಬೇರೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಈ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಮನೆಯಲ್ಲಿದ್ದ ಕಾಳೂ ನೀರುಪಾಲಾಯಿತು, ಪೇಟೆಗೆ ಹೋಗುವ ದಾರಿಯೂ ಮುಳುಗಿತು. ಯಾವ ಹಗೇವೂ ಎಲ್ಲ ಆಪತ್ತಿಗೂ ಆಗಿಬರುವುದಿಲ್ಲ ಎಂಬುದು ಅಂದು ಕಂಡ ಸತ್ಯ.

ಮನುಷ್ಯ ಹೀಗೆ ಒಂದು ಹಗೇವನ್ನು ಬಿಟ್ಟು ಇನ್ನೊಂದನ್ನು ಹುಡುಕಿಕೊಂಡ. ಅಳಿಲಿಗೆ ಆ ಅನುಕೂಲವಿಲ್ಲ. ಅದರ ಹಗೇವು ಊರ ಸುತ್ತಲಿನ ಮರಗಳಲ್ಲಿ ತಿಂಗಳವಾರು ಹಂಚಿದೆ ಎಂದೆವಲ್ಲ, ಆ ಹಗೇವಿಗೆ ನಾವು ಕೈಹಾಕಿದ್ದೇವೆ. ಕಬ್ಬಿನ ಹೊಲ ಬದುವನ್ನು ಸಹಿಸುವುದಿಲ್ಲ; ನೆರಳು ಬೀಳುತ್ತದೆಂದು ಬದುವಿನ ಬೇವು, ಬಾರಿ ಹೋಗುತ್ತವೆ. ರಸ್ತೆ ಅಗಲವಾದಾಗ ದಾರಿಬದಿಯ ಹುಣಸೆ, ಆಲಗಳೇ ಮೊದಲು ಉರುಳುತ್ತವೆ. ಹಿತ್ತಲಿಗೆ ಕಾಂಕ್ರೀಟು ಹಾಕಿದಾಗ ಪೇರಲಗಿಡ, ನುಗ್ಗೆಗಿಡ ಹೋಗುತ್ತವೆ. ಒಂದೊಂದು ಮರ ಹೋದಾಗಲೂ ನಮಗೆ ಒಂದು ಮರ ಹೋಯಿತೆಂದೇ ಅನಿಸುತ್ತದೆ. ಅಳಿಲಿನ ಪಂಚಾಂಗದಲ್ಲಿ ಹೋದದ್ದು ಒಂದು ತಿಂಗಳು. ನೇರಳೆ, ಬೇವು ಹೋದರೆ ಜೂನ್ ಹೋಯಿತು. ಆಲ, ಅತ್ತಿ ಹೋದರೆ ಮೇ ಹೋಯಿತು. ವರ್ಷಕ್ಕೆ ಹನ್ನೊಂದು ತಿಂಗಳು ಊಟವಿದ್ದು ಒಂದು ತಿಂಗಳು ಇಲ್ಲದಿದ್ದರೆ, ಕೂಡಿಟ್ಟವನು ದಾಟಿಯಾನು. ಕೂಡಿಡಲು ಬಾರದವನು ದಾಟಲಾರ.

ಅಳಿಲು ನಮ್ಮ ನಡುವೆ ಇನ್ನೂ ಧಾರಾಳವಾಗಿದೆ, ನಿಜ. ನಮ್ಮ ಅಂಗಳದ ಶೇಂಗಾ, ಮುಸುರೆಯ ಅನ್ನ, ಅಂಗಡಿಯ ಮುಂದೆ ಚೆಲ್ಲಿದ ಕಾಳು ಅದರ ಪಂಚಾಂಗದ ತೂತುಗಳನ್ನು ಮುಚ್ಚುತ್ತಿವೆ. ಮರಗಳನ್ನು ನಂಬಿದ್ದ ಪ್ರಾಣಿ ಈಗ ನಮ್ಮನ್ನು ನಂಬತೊಡಗಿದೆ. ಅದರ ಗೂಡಿನಲ್ಲಿ ಈಚೆಗೆ ತೆಂಗಿನ ನಾರಿನ ಜೊತೆಗೆ ಪ್ಲಾಸ್ಟಿಕ್ ಚೀಲದ ಎಳೆಗಳೂ ಸಿಗುತ್ತವೆ. ನಮ್ಮಂತೆಯೇ ಅದೂ ಪೇಟೆಯ ಗಿರಾಕಿಯಾಗುತ್ತಿದೆ.

ಮೊಮ್ಮಗಳಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. "ಅದರ ಕಣಜ ತೋರಸ್ತೀನಿ ಬಾ" ಎಂದು ಹಿತ್ತಲ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದೆ. ನೋಟುಬುಕ್ಕಿನಲ್ಲಿ ಹನ್ನೆರಡು ತಿಂಗಳ ಹೆಸರು ಬರೆದುಕೊಂಡಳು. ಹಳ್ಳದ ದಂಡೆಯವರೆಗೆ ನಡೆದು ಕಂಡ ಮರಗಳನ್ನು ಆಯಾ ತಿಂಗಳ ಮುಂದೆ ಬರೆದಳು. ಹುಣಸೆ ಇತ್ತು, ಬೇವು ಇತ್ತು, ಬಾರಿ ಇತ್ತು, ಗುಡಿಯ ಹಿಂದೆ ಅತ್ತಿ ಇತ್ತು. ಬೂರುಗ ಇರಲಿಲ್ಲ, ಅದಿದ್ದ ಜಾಗದಲ್ಲಿ ಈಗ ಅಂಗಡಿಗಳ ಸಾಲಿದೆ. ಫೆಬ್ರುವರಿಯ ಮುಂದೆ ಹುಣಸೆಯೊಂದೇ ಉಳಿಯಿತು. ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಇಷ್ಟೆ: "ಬೂರುಗದ ಗಿಡ ನರ್ಸರ್‍ಯಾಗ ಸಿಗ್ತದೇನಜ್ಜಾ?"

ಸಿಗುತ್ತದೆ. ಈ ಮಿರಗಕ್ಕೆ ನೆಟ್ಟರೆ ಹೂ ಬಿಡಲು ಕೆಲವು ವರ್ಷ ಬೇಕು. ಚಳಿಗಾಲಕ್ಕೆಂದು ಅಲ್ಲ, ಅಳಿಲಿಗೆಂದು ಕೂಡಿಡುವುದಿದ್ದರೆ ನಮ್ಮ ನೆಲದಲ್ಲಿ ಕೂಡಿಡುವ ಬಗೆ ಅದೇ.